ನೀರು ಮಾತ್ರ ಹಾಕಬೇಡ

ನನಗೊಂದು ಚಟವಿದೆ. ಬಡಿಸುವ ಚಟ. ಊಟಕ್ಕೆ ಕೂತವರು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಸಾಕು, ಸಾಕು, ದಮ್ಮಯ್ಯ ಸಾಕು" ಎಂದರೂ ನಾನು ಅದನ್ನು ಸಂಕೋಚ ಎಂದೇ ತಿಳಿಯುತ್ತೇನೆ. ಬೆರಳ ಸಂದಿಯಿಂದಲೇ ಸಾರು ಇಳಿಬಿಟ್ಟ ಕೀರ್ತಿ ನನ್ನದು. ನಮ್ಮ ತಾಯಿಯ ಮನೆಯಲ್ಲಿ ಹೀಗೇ ಇತ್ತು. ಉಣ್ಣುವವರು ಬೇಡ ಅನ್ನಬೇಕು, ಬಡಿಸುವವರು ಕೇಳಿಸಿಕೊಳ್ಳಬಾರದು. ಎರಡೂ ಕಡೆಯವರು ತಮ್ಮ ತಮ್ಮ ಪಾಲನ್ನು ಸರಿಯಾಗಿ ಮಾಡಿದರೆ ಅದು ಉಪಚಾರ. ಮೊದಲ ಸಲ "ಸಾಕು" ಎಂದಾಗಲೇ ಸೌಟು ಹಿಂದಕ್ಕೆ ತೆಗೆದುಕೊಂಡರೆ ಅದು ಅವಮಾನ.

"ನಿನ್ನ ಕೈಗೆ ಸಿಕ್ಕಿದೋರು ಹಸಿವಿನಿಂದ ಸಾಯಲ್ಲ ಕಣೇ, ಅಜೀರ್ಣದಿಂದ ಸಾಯ್ತಾರೆ" ಎಂದು ನಮ್ಮ ಮನೆಯವರು ಆಗಾಗ ಹೇಳುತ್ತಾರೆ. ಇಷ್ಟು ವರ್ಷ ಅದನ್ನು ತಮಾಷೆ ಎಂದುಕೊಂಡಿದ್ದೆ. ಹೋದ ಚಳಿಗಾಲದಲ್ಲಿ ನಿಜಕ್ಕೂ ಒಂದು ಜೀವ ನನ್ನ ಉಪಚಾರ ತಾಳಲಾರದೆ ಹೋಯಿತು. ಗಾಬರಿಯಾಗಬೇಡಿ, ಅದು ಒಂದು ಗಿಡ. ಅಂಗೈ ಅಗಲದ ಗಿಡ. ಆದರೆ ಅದರ ಹಿಂದೆಯೇ ನಾವಿದ್ದ ಮನೆಯೂ ಹೋಗುವುದರಲ್ಲಿತ್ತು.

ಇದು ಹೇಗಾಯಿತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ನಾವು ಮೊದಲು ಇದ್ದದ್ದು ಪರ್ತ್‌ನಲ್ಲಿ. ಅಲ್ಲಿ ಹಿತ್ತಿಲು ಎಂದರೆ ಬರೀ ಮರಳು. ಒಂದು ಬಕೆಟ್ಟು ನೀರು ಸುರಿದರೆ, ಸುರಿದ ಗುರುತೂ ಉಳಿಯುತ್ತಿರಲಿಲ್ಲ. ಗಿಡದ ಬುಡ ನಮ್ಮ ಮುಖ ನೋಡಿ "ಎಲ್ಲಿ, ಇನ್ನೂ ಹಾಕಿಲ್ಲವಲ್ಲ?" ಎಂದು ಕೇಳುವ ಹಾಗೆ ಒಣಗಿಕೊಂಡೇ ಇರುತ್ತಿತ್ತು. ಬೆಳಿಗ್ಗೆ ಸುರಿ, ಸಂಜೆ ಸುರಿ. ಎಷ್ಟು ಸುರಿದರೂ ಕಡಿಮೆಯೇ ಎಂಬ ಪಾಠವನ್ನು ನಾನು ಅಲ್ಲಿ ಕಲಿತೆ.

ಆಮೇಲೆ ಬ್ರಿಸ್ಬೇನ್. ಅಲ್ಲಿ ನಾನು ಏನೂ ಮಾಡದೆ ಹೆಸರು ತೆಗೆದುಕೊಂಡೆ. ಆ ಸೆಕೆಗೆ, ಆ ಮಳೆಗೆ ಕರಿಬೇವು ಮನೆಯ ಸೂರಿನವರೆಗೆ ಬೆಳೆಯಿತು. ತುಳಸಿ ಪೊದೆಯಾಯಿತು. ದಾಸವಾಳ ಕೇಳದೆಯೇ ಹೂ ಬಿಟ್ಟಿತು. ನೋಡಿದವರೆಲ್ಲ "ನಿಮ್ಮ ಕೈಗುಣ" ಅಂದರು. ನಾನೂ ನಂಬಿದೆ. ಭಾನುವಾರ ಇಂಡೂರೂಪಿಲ್ಲಿ ಎಂಬ ಬಡಾವಣೆಯ ಕಡೆಯಿಂದ ನಮ್ಮ ಕನ್ನಡದ ವಿದ್ಯಾರ್ಥಿಗಳು ಊಟಕ್ಕೆ ಬರುತ್ತಿದ್ದರು. ಹುಬ್ಬಳ್ಳಿಯವರು, ಮಂಗಳೂರಿನವರು, ಹಾಸನದವರು. ವಾರವೆಲ್ಲ ಬ್ರೆಡ್ಡು ತಿಂದು ಬದುಕಿದ ಮಕ್ಕಳು. "ಆಂಟಿ, ಇನ್ನೊಂಚೂರು ಹಾಕಿ" ಎನ್ನುತ್ತಿದ್ದರೇ ಹೊರತು ಸಾಕು ಎಂದವರಿಲ್ಲ. ಹಾಗಾಗಿ ನನ್ನ ಚಟಕ್ಕೆ ಬ್ರಿಸ್ಬೇನಿನಲ್ಲಿ ಗಿಡಗಳೂ ಹುಡುಗರೂ ಸೇರಿ ಪೂರ್ತಿ ಸಮ್ಮತಿ ಕೊಟ್ಟುಬಿಟ್ಟರು.

ಅಷ್ಟು ಹೊತ್ತಿಗೆ ನಮ್ಮ ಮನೆಯವರ ಕೆಲಸ ಅಡಿಲೇಡಿಗೆ ಹೋಯಿತು. ಕೆಲಸ ಹೋದ ಕಡೆ ನಾವು. ಈ ದೇಶದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವಾಗ ಹಣ್ಣು, ಗಿಡ, ಮಣ್ಣು ಎಲ್ಲಕ್ಕೂ ತಕರಾರು. ನನ್ನ ಕರಿಬೇವನ್ನು, ತುಳಸಿಯನ್ನು ಗೆಳತಿಯೊಬ್ಬಳ ಹಿತ್ತಿಲಿಗೆ ಸೇರಿಸಿ, ದೇವರ ಮನೆಯ ಡಬ್ಬವನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ವಿಮಾನದಲ್ಲಿ ಕೂತೆ. ಮಗಳು ಮಾನಸಿ ಕಿಟಕಿಯ ಕಡೆ ತಿರುಗಿ ಅಳುತ್ತಿದ್ದಳು. ಮಕ್ಕಳ ದುಃಖಕ್ಕೆ ನಾವು ಡಬ್ಬ ಹುಡುಕುವುದೇ ಇಲ್ಲ, ತಾನೇ ಹೊಂದಿಕೊಳ್ಳುತ್ತೆ ಎಂದುಬಿಡುತ್ತೇವೆ.

ಅಡಿಲೇಡಿನಲ್ಲಿ ನಮಗೆ ಸಿಕ್ಕಿದ ಬಾಡಿಗೆ ಮನೆ ಊರಿನ ಹೊರಗೆ, ಬೆಟ್ಟದ ಮೇಲೆ. ಹಳೆಯ ಕಲ್ಲಿನ ಮನೆ. ಚಳಿಗಾಲದಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ಮಂಜು ಒಳಗೇ ಬಂದು ಸೋಫಾದ ಮೇಲೆ ಕೂರುತ್ತದೆಯೇನೋ ಅನ್ನಿಸುವಂಥ ಜಾಗ. ಮನೆಯ ಯಜಮಾನಿ ವೆರೆನಾ ಎಂಬ ಮುದುಕಿ. ಎಳೆಯ ವಯಸ್ಸಿನಲ್ಲಿ ಸ್ವಿಟ್ಜರ್‌ಲೆಂಡಿನ ಯಾವುದೋ ಬೆಟ್ಟದ ಊರಿನಿಂದ ಬಂದವರು. ಮಂಡಿ ನೋವಿಗೆ ಮೆಟ್ಟಿಲು ಹತ್ತಲಾಗದೆ, ಸಮುದ್ರದ ಹತ್ತಿರ ಸಮತಟ್ಟು ಜಾಗದಲ್ಲಿ ಚಿಕ್ಕ ಮನೆ ಹಿಡಿದಿದ್ದರು. ಅಂಥ ವಯಸ್ಸಾದವರನ್ನು ಬರೀ ಹೆಸರು ಹಿಡಿದು ಕೂಗುವುದಕ್ಕೆ ನನ್ನ ನಾಲಿಗೆ ಏಳಲಿಲ್ಲ. ವೆರೆನಾ ಆಂಟಿ ಎಂದೆ. "ನನಗೆ ಇದ್ದಕ್ಕಿದ್ದ ಹಾಗೆ ಇಷ್ಟು ದೊಡ್ಡ ಸೊಸೆಯೊಬ್ಬಳು ಹುಟ್ಟಿದಳಲ್ಲ!" ಎಂದು ನಕ್ಕರು.

ಮನೆ ತೋರಿಸುವ ದಿನ ಅವರೇ ಬಂದಿದ್ದರು. ಸಂಬಳ ಎಷ್ಟು, ಮಕ್ಕಳೆಷ್ಟು ಎಂದೇನೂ ಕೇಳಲಿಲ್ಲ. ಅದನ್ನೆಲ್ಲ ಏಜೆಂಟು ಕೇಳಿಯಾಗಿತ್ತು. ಮುಂಬಾಗಿಲ ಪಕ್ಕದಲ್ಲಿ ಒಂದು ಕಲ್ಲಿನ ತೊಟ್ಟಿಯಿತ್ತು. ನಮ್ಮ ಮೈಸೂರಿನ ಕಡೆ ದನಕ್ಕೆ ನೀರು ಕುಡಿಸಲು ಇಡುವ ಕಲ್ಮರಿಗೆಯಂಥದ್ದು, ಇನ್ನೂ ಚಿಕ್ಕದು. ಅದರ ತುಂಬ ಜಲ್ಲಿಕಲ್ಲು. ಜಲ್ಲಿಯ ನಡುವೆ ನೆಲಕ್ಕೆ ಅಂಟಿಕೊಂಡ ಹಾಗೆ ಚಿಕ್ಕ ಚಿಕ್ಕ ಎಲೆಗಳ ಒಂದು ಗಿಡ, ಅದರ ಮೇಲೆ ಉಗುರಿನಷ್ಟು ಹೂವುಗಳು. ಗುಲಾಬಿಯೂ ಅಲ್ಲ, ನೇರಳೆಯೂ ಅಲ್ಲ, ಎರಡರ ನಡುವಿನ ಬಣ್ಣ. ಎಸಳಿನ ತುದಿಯಲ್ಲಿ ಕತ್ತರಿ ತಾಕಿಸಿದಂಥ ಸಣ್ಣ ಸೀಳು.

ಅದು ಅವರ ಊರಿನ ಹೂವಂತೆ. ಸುಣ್ಣಕಲ್ಲಿನ ಬೆಟ್ಟಗಳಲ್ಲಿ, ಬಂಡೆಯ ಬಿರುಕಿನಲ್ಲಿ, ಹಳೆಯ ಗೋಡೆಗಳ ಸಂದಿಯಲ್ಲಿ ತಾನಾಗಿ ಬೆಳೆಯುತ್ತದಂತೆ. ಒಂದು ಸಲ ಬೇರು ಬಿಟ್ಟರೆ ವರ್ಷವರ್ಷವೂ ಹೂ ಕೊಡುತ್ತದಂತೆ. "ಸ್ಕೂಲಿಗೆ ಹೋಗುವಾಗ ಕಿತ್ತು ಕಿತ್ತು ಎಸೆಯುತ್ತಿದ್ದೆವು, ಯಾರೂ ಬೆಲೆ ಕೊಡುತ್ತಿರಲಿಲ್ಲ" ಎಂದರು. ಇಲ್ಲಿ ಅದನ್ನು ಬೀಜದಿಂದ ಎಬ್ಬಿಸಿದ್ದು ತೀರಿಕೊಂಡ ಅವರ ಗಂಡ. ಹುಟ್ಟಿದೂರಿಗೆ ಮತ್ತೆ ಹೋಗಲು ಹೆಂಡತಿಗೆ ಆಗುವುದಿಲ್ಲ ಎಂದು ಗೊತ್ತಾದ ಮೇಲೆ, ಊರನ್ನೇ ಒಂದು ತೊಟ್ಟಿಯಷ್ಟು ತಂದು ಬಾಗಿಲಲ್ಲಿಟ್ಟರು.

ನನಗೆ ತಕ್ಷಣ ನಮ್ಮ ತುಂಬೆ ಹೂವು ನೆನಪಾಯಿತು. ಪಾಳುಗೋಡೆಯ ಬುಡದಲ್ಲಿ, ಕಸದ ಪಕ್ಕದಲ್ಲಿ ಬೆಳೆಯುವ ಬಿಳಿ ಚುಕ್ಕೆಯಂಥ ಹೂವು, ಆದರೂ ಶಿವನಿಗೆ ಪ್ರಿಯ. ಅದನ್ನು ಯಾರೂ ನೆಡುವುದಿಲ್ಲ, ಯಾರೂ ನೀರು ಹಾಕುವುದಿಲ್ಲ. ಈ ಕೊನೆಯ ಮಾತನ್ನು ನಾನು ಆ ಹೊತ್ತಿನಲ್ಲಿ ಯೋಚಿಸಲಿಲ್ಲ ನೋಡಿ. ಯೋಚಿಸಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

"ಗಿಡ ನೋಡಿಕೊಳ್ಳುತ್ತೀಯಾ?" ಎಂದು ವೆರೆನಾ ಆಂಟಿ ಕೇಳಿದರು. ಬ್ರಿಸ್ಬೇನಿನ ಕರಿಬೇವಿನ ಫೋಟೊ ಫೋನಿನಲ್ಲಿತ್ತು, ತೋರಿಸಿದೆ. ಅವರ ಮುಖ ಅರಳಿತು. "ಇದಕ್ಕೆ ನೀನು ಏನೂ ಮಾಡಬೇಕಾಗಿಲ್ಲ. ಬಿಸಿಲು ತೀರಾ ಜೋರಾದರೆ ಒಂದು ಗುಟುಕು ನೀರು, ಅಷ್ಟೆ. ಬರುವ ವಸಂತದಲ್ಲಿ ಹೂ ನೋಡಲು ಬರುತ್ತೇನೆ" ಎಂದರು.

ಏನೂ ಮಾಡಬೇಕಾಗಿಲ್ಲ! ಪಾಪ, ಎಷ್ಟು ಸಂಕೋಚದ ಹೆಂಗಸು, ಬಾಯಿಬಿಟ್ಟು ಕೇಳಲಾರರು ಎಂದುಕೊಂಡೆ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದವರನ್ನು ನಾನು ಎಂದಾದರೂ ನಂಬಿದ್ದುಂಟೇ?

ಮನೆಗೆ ಬಂದ ವಾರದಲ್ಲೇ ಉಪಚಾರ ಶುರುವಾಯಿತು. ಬರೀ ಜಲ್ಲಿಯ ಮೇಲೆ ಮಲಗಿದ ಗಿಡವನ್ನು ನೋಡಿ ಕರುಳು ಚುರುಕ್ ಎಂದಿತು. ಜಲ್ಲಿಯನ್ನು ಬಳಿದು ತೆಗೆದು, ಒಳ್ಳೆಯ ಕಪ್ಪು ಗೊಬ್ಬರದ ಮಣ್ಣು ತಂದು ಒತ್ತಿದೆ. ಅಕ್ಕಿ ತೊಳೆದ ನೀರು ದಿನಾ ಅದಕ್ಕೇ. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ನಮ್ಮ ಮನೆಯಲ್ಲಿ ದಿನವೂ ಪುಟ್ಟ ಲಿಂಗಕ್ಕೆ ಅಭಿಷೇಕ, ಸೋಮವಾರ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆಯ ಪಂಚಾಮೃತ. ಆ ನೀರನ್ನು ಸಿಂಕಿಗೆ ಚೆಲ್ಲುವ ಹಾಗಿಲ್ಲ, ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಹಾಕಬೇಕು. ಬ್ರಿಸ್ಬೇನಿನಲ್ಲಿ ಕರಿಬೇವಿತ್ತು. ಇಲ್ಲಿ ಯಾರ ಕಾಲೂ ತಾಗದ ಎತ್ತರದಲ್ಲಿ ಇದ್ದದ್ದು ಆ ತೊಟ್ಟಿಯೊಂದೇ. ದೇವರೇ ಒದಗಿಸಿದ ಜಾಗ ಎಂದುಕೊಂಡು ಎರಡು ಕಣ್ಣಿಗೂ ನೀರು ಮುಟ್ಟಿಸಿಕೊಂಡು ಸುರಿದೆ.

ಗಿಡ ಮೊದಲು ಹಿಗ್ಗಿತು. ಎಲೆ ದಪ್ಪಗಾಯಿತು. ನಾನೂ ಹಿಗ್ಗಿದೆ. ಆಮೇಲೆ ಹಳದಿಗೆ ತಿರುಗಿತು. ಪಾಪ, ನೀರು ಸಾಲದು ಎಂದು ಇನ್ನಷ್ಟು ಹಾಕಿದೆ. ಆಷಾಢದ ಮಳೆ, ಅಂದರೆ ಇಲ್ಲಿಯ ಚಳಿಗಾಲದ ಮಳೆ, ಹಿಡಿದುಕೊಂಡಾಗ ಒಂದು ಬೆಳಿಗ್ಗೆ ಬೆರಳಲ್ಲಿ ಮುಟ್ಟಿದೆ. ಬೆಂದ ಸೊಪ್ಪಿನ ಹಾಗೆ ಕೈಗೆ ಬಂತು. ಬುಡದಲ್ಲಿ ಹುಳಿ ಮೊಸರಿನ ವಾಸನೆ.

"ಅಮ್ಮಾ, ಇಟ್ಸ್ ಡೆಡ್" ಎಂದಳು ಮಾನಸಿ, ಬಗ್ಗಿ ನೋಡಿ.

"ಬಿಡ್ತು ಅನ್ನು. ಸೊರಗಿದೆ ಅಷ್ಟೆ."

"ಸತ್ತಿಲ್ಲಮ್ಮ" ಎಂದರು ನಮ್ಮ ಮನೆಯವರು ಮಗಳಿಗೆ. "ದಿನಾ ತೀರ್ಥ, ವಾರಕ್ಕೊಂದು ಪಂಚಾಮೃತ. ಅದಕ್ಕೆ ಮೋಕ್ಷ ಸಿಕ್ಕಿದೆ."

ಅವರಿಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ಅನೇಕ ಗಿಡ ಕಳೆದುಕೊಂಡಿದ್ದೇನೆ, ಆದರೆ ಇದು ನನ್ನದಲ್ಲ. ಒಬ್ಬ ಗಂಡ ಹೆಂಡತಿಗಾಗಿ ಬಿಟ್ಟುಹೋದದ್ದು. ಅದನ್ನು ಕಾಯಲು ಕೊಟ್ಟದ್ದು ನನ್ನ ಮಾತನ್ನು ನಂಬಿ.

ಸಾಲದ್ದಕ್ಕೆ ಏಜೆಂಟು ಫೋನು ಮಾಡಿ, ಯಜಮಾನಿಗೆ ಮನೆ ಮಾರುವ ಯೋಚನೆಯಿದೆ, ವಸಂತದಲ್ಲಿ ಬಂದು ನೋಡಿದ ಮೇಲೆ ತೀರ್ಮಾನಿಸುತ್ತಾರೆ ಎಂದ.  ಮಾನಸಿಗೆ ಇಲ್ಲಿಯ ಸ್ಕೂಲಿನಲ್ಲಿ ಆಗಷ್ಟೇ ಒಬ್ಬಳು ಗೆಳತಿ ಸಿಕ್ಕಿದ್ದಳು. ಮಧ್ಯಾಹ್ನ ಒಬ್ಬಳೇ ಕೂತು ಡಬ್ಬಿ ತಿನ್ನುವುದು ನಿಂತಿತ್ತು. ವಿಷಯ ಕೇಳಿದವಳೇ "ಐ ಆಮ್ ನಾಟ್ ಮೂವಿಂಗ್ ಅಗೇನ್, ಅಮ್ಮ" ಎಂದಳು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದಳು.

ಅಂಥದೇ ಗಿಡ ತಂದು ಇಟ್ಟುಬಿಡೋಣ ಎಂದು ಸುತ್ತಮುತ್ತಲ ನರ್ಸರಿಗಳನ್ನೆಲ್ಲ ಸುತ್ತಿದೆವು. ಹೂವು ಹೇಗಿತ್ತು ಎಂದು ಹೇಳಿದರೆ ಅವರೇ ನಮ್ಮನ್ನು ಅದು ಏನು ಎಂದು ಕೇಳಿದರು. ಸಿಗದಿದ್ದದ್ದೂ ಒಂದು ಉಪಕಾರವೇ. ಸಿಕ್ಕಿದ್ದರೆ ನಾನು ಆ ಮುದುಕಿಯ ಮುಂದೆ ಸುಳ್ಳು ಹೂವನ್ನು ಇಟ್ಟು ನಿಲ್ಲುತ್ತಿದ್ದೆ.

ದಿನಾ ಸಂಜೆ ದೀಪ ಹಚ್ಚುವಾಗ ಆವತ್ತು ದೇವರು ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ನೆನೆಯುವುದು ನನ್ನ ಅಭ್ಯಾಸ. ಹಾಲು ಉಕ್ಕಿ ಚೆಲ್ಲುವ ಮೊದಲು ಕಂಡದ್ದು, ಮಳೆಗೆ ಮೊದಲು ಬಟ್ಟೆ ಒಳಗೆ ಬಂದದ್ದು, ಇಂಥವು. ಆ ದಿನಗಳಲ್ಲಿ ನೆನೆಯುವುದು ಬಿಟ್ಟು ಜಗಳಕ್ಕೆ ನಿಂತೆ. "ನಿನ್ನ ತಲೆಯ ಮೇಲಿಂದ ಇಳಿದ ನೀರನ್ನೇ ತಾನೇ ನಾನು ಹಾಕಿದ್ದು? ಅದೂ ಕೊಳೆಯುವುದಾದರೆ ನಾನು ಇನ್ನೇನು ಹಾಕಬೇಕಿತ್ತು?" ದೇವರು ಎಂದಿನಂತೆ ಸುಮ್ಮನಿದ್ದ.

ವೆರೆನಾ ಆಂಟಿ ಬರುವುದಾಗಿ ಹೇಳಿದ ಶನಿವಾರ ನವರಾತ್ರಿಯ ನಡುವೆ ಬಿತ್ತು. ನಿಜ ಹೇಳಿಬಿಡುವುದೆಂದು ತೀರ್ಮಾನಿಸಿದ್ದೆ. ಬರಿಗೈಯಲ್ಲಿ ನಿಜ ಹೇಳುವುದು ಹೇಗೆ ಎಂದು ಚಿತ್ರಾನ್ನ, ಕೋಸಂಬರಿ, ಹಯಗ್ರೀವ ಮಾಡಿದೆ. "ಶಿ ಇಸ್ ಕಮಿಂಗ್ ದಿಸ್ ಆರ್ವೋ, ನಾಟ್ ಎ ಮದುವೆ ಪಾರ್ಟಿ" ಎಂದು ಮಾನಸಿ ಗೊಣಗಿದಳು. ಇಲ್ಲಿಯ ಮಕ್ಕಳ ಬಾಯಲ್ಲಿ ಮಧ್ಯಾಹ್ನ ಎಂದರೆ ಆರ್ವೋ. ಆಮೇಲೆ ತಾನೇ ತಟ್ಟೆಗಳನ್ನು ಒರೆಸಿಟ್ಟಳು.

ಇಲ್ಲಿ ನಮ್ಮ ಮುಂಬಾಗಿಲ ವಿಷಯ ಸ್ವಲ್ಪ ಹೇಳಬೇಕು. ಈ ದೇಶದಲ್ಲಿ ನಾವೆಲ್ಲ ಕಾರಿನ ಗರಾಜಿನಿಂದಲೇ ಮನೆಯೊಳಗೆ ನುಗ್ಗುವವರು. ಮುಂಬಾಗಿಲೇನಿದ್ದರೂ ಲಕ್ಷ್ಮಿಗೆ ಮತ್ತು ಯಾವಾಗಲೋ ಬರುವ ಅತಿಥಿಗೆ. ನಾನು ಬೆಳಿಗ್ಗೆ ಒಳಗಿನಿಂದ ಬಾಗಿಲು ತೆಗೆದು, ಹಿಂದಿನ ದಿನದ ರಂಗೋಲಿಯನ್ನು ಪೊರಕೆಯಲ್ಲಿ ಮೆಟ್ಟಿಲ ಕಡೆಗೆ ತಳ್ಳಿ, ಒಂದು ಚಿಮುಕು ನೀರು ಹಾಕಿ, ಹೊಸ ರಂಗೋಲಿ ಎಳೆದು ಒಳಗೆ ಬರುತ್ತೇನೆ. ಮೆಟ್ಟಿಲು ಇಳಿಯುವ ಕೆಲಸವೇ ಬೀಳುವುದಿಲ್ಲ. ಮೇಲಿನಿಂದ ನೋಡುವವಳಿಗೆ ಮೆಟ್ಟಿಲಿನ ಮುಖ ಕಾಣುವುದೂ ಇಲ್ಲ.

ಮಧ್ಯಾಹ್ನ ಟ್ಯಾಕ್ಸಿ ಬಂತು. ನಾನು ಖಾಲಿ ತೊಟ್ಟಿಗೆ ಅಡ್ಡವಾಗಿ, ಸೆರಗು ಹೊದ್ದು, ಮೇಲೆ ನಿಂತಿದ್ದೆ. ನಿಜ ಹೇಳುವ ತೀರ್ಮಾನವೇನೋ ಇತ್ತು, ಆದರೆ ಒಂದು ಲೋಟ ಕಾಫಿ ಆದ ಮೇಲೆ ಹೇಳಿದರಾಯಿತು ಎಂಬ ಸಣ್ಣ ಆಸೆಯೂ ಇತ್ತು. ವೆರೆನಾ ಆಂಟಿ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು, ಮಂಡಿ ನೋವಿನವರು ಹತ್ತುವ ಹಾಗೆ, ಹೆಜ್ಜೆ ಹೆಜ್ಜೆಗೂ ಮೆಟ್ಟಿಲನ್ನೇ ನೋಡುತ್ತ ಹತ್ತಿದರು. ಅರ್ಧಕ್ಕೆ ನಿಂತುಬಿಟ್ಟರು. ತಲೆ ಎತ್ತಲಿಲ್ಲ.

ಎದೆನೋವೇ ಬಂತೇನೋ ಎಂದುಕೊಂಡೆ. ರಂಗೋಲಿಯನ್ನೂ ತುಳಿದುಕೊಂಡು ಕೆಳಗೆ ಓಡಿದೆ. "ಆಂಟಿ, ಏನಾಯ್ತು? ಆಂಟಿ!"

ಅವರು ಕೋಲಿನ ತುದಿಯಿಂದ ತೋರಿಸಿದರು.

ಮೇಲಿನ ಮೆಟ್ಟಿಲಿನ ಮುಖದಲ್ಲಿ, ಕಲ್ಲು ಕಲ್ಲು ಸೇರುವ ಬಿರುಕಿನ ಉದ್ದಕ್ಕೂ, ಹೂವು. ಉಗುರಿನಷ್ಟು ಹೂವು, ತುದಿಯಲ್ಲಿ ಕತ್ತರಿ ತಾಕಿಸಿದ ಸೀಳು. ಒಂದಲ್ಲ, ಯಾರೋ ಮಾಲೆ ಕಟ್ಟಿ ಸಂದಿಯಲ್ಲಿ ಸಿಕ್ಕಿಸಿದ ಹಾಗೆ ಗೊಂಚಲು ಗೊಂಚಲು. ಅವುಗಳ ಬುಡದಲ್ಲೆಲ್ಲ ಬೆಳ್ಳಗೆ, ನಾನು ದಿನಾ ಗುಡಿಸಿ ತಳ್ಳಿದ ರಂಗೋಲಿ ಪುಡಿ.

"ಬುದ್ಧಿವಂತೆ ನೀನು! ತೊಟ್ಟಿಯಿಂದ ಕಲ್ಲಿನ ಸಂದಿಗೆ ಬದಲಾಯಿಸಿದ್ದೀಯ. ನನ್ನ ಗಂಡನಿಗೂ ಇದು ಹೊಳೆಯಲಿಲ್ಲ" ಎಂದರು ಆಂಟಿ. 

ಆ ಮೆಚ್ಚುಗೆಯನ್ನು ಹಾಗೇ ಸೆರಗಿಗೆ ಕಟ್ಟಿಕೊಳ್ಳಬಹುದಿತ್ತು. ಮೇಲೆ ಬಾಗಿಲಲ್ಲಿ ಮಾನಸಿ ನಿಂತು ನನ್ನನ್ನೇ ನೋಡುತ್ತಿದ್ದಳು. "ಇಲ್ಲ ಆಂಟಿ" ಎಂದೆ. ಕಾಫಿಗೂ ಕಾಯದೆ ಎಲ್ಲವನ್ನೂ ಹೇಳಿದೆ. ಗೊಬ್ಬರ, ಅಕ್ಕಿ ತೊಳೆದ ನೀರು, ದೇವರ ಹಾಲು, ಮೊಸರು, ಜೇನು. ಜೇನಿನ ಹೊತ್ತಿಗೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಕಂಬಿ ಹಿಡಿದು, ಕಣ್ಣೊರೆಸಿಕೊಂಡು ನಗುತ್ತಿದ್ದರು.

"ಬಂಡೆಯ ಮೇಲೆ ಹುಟ್ಟಿದ ಬಡ ಗಿಡಕ್ಕೆ ಜೇನುತುಪ್ಪವೇ! ಅದರ ವಂಶದಲ್ಲೇ ಯಾರೂ ತಿಂದಿರಲಿಲ್ಲ."

ಆಮೇಲೆ ಮೆಟ್ಟಿಲ ಮೇಲೇ ಕೂತು ಆ ಬಿಳಿ ಪುಡಿಯನ್ನು ಬೆರಳಲ್ಲಿ ತಿಕ್ಕಿ ಇದೇನು ಎಂದು ಕೇಳಿದರು. ರಂಗೋಲಿಯ ವಿಷಯ ಹೇಳಿದೆ. ಕಲ್ಲು ಬೀಸಿದ ಪುಡಿ, ಅಂಗಡಿಯಿಂದ ತರುತ್ತೇವೆ ಎಂದೆ. ಮಾನಸಿ ಒಳಗೆ ಓಡಿ ಪೊಟ್ಟಣ ತಂದು ಓದಿದಳು. ಸುಣ್ಣಕಲ್ಲೇ! ಆಂಟಿ ತಲೆದೂಗಿದರು. ಈ ಬೆಟ್ಟದ ಮಣ್ಣು ಹುಳಿಯಂತೆ, ಈ ಗಿಡಕ್ಕೆ ಒಗ್ಗುವುದಿಲ್ಲವಂತೆ. ಅದಕ್ಕೇ ಅವರ ಗಂಡ ಸುಣ್ಣಕಲ್ಲಿನ ಜಲ್ಲಿ ಹುಡುಕಿ ತಂದು ತೊಟ್ಟಿ ತುಂಬಿಸಿದ್ದು. ತೊಟ್ಟಿಯ ಗಿಡ ಸಾಯುವ ಮೊದಲೇ, ಹೋದ ಬೇಸಿಗೆಯಲ್ಲಿ, ಉದುರಿದ ಬೀಜ ಗಾಳಿಗೆ ಹಾರಿ ಬಿರುಕಿಗೆ ಬಿದ್ದಿರಬೇಕು. ಅಲ್ಲಿ ನಿಲ್ಲದ ನೀರು, ದಿನಕ್ಕೊಂದು ಚಿಟಿಕೆ ಸುಣ್ಣ. ಅದಕ್ಕೆ ಬೇಕಾದದ್ದು ಅಷ್ಟೇ. ನಾನು ಪ್ರೀತಿಯಿಂದ ಸುರಿದದ್ದರಿಂದ ಗಿಡ ಸತ್ತಿತು, ಗಮನವಿಲ್ಲದೆ ಗುಡಿಸಿ ಬಿಟ್ಟದ್ದರಿಂದ ಬದುಕಿತು.

ಪರ್ತ್ ನೆನಪಾಗಿ ನನಗೇ ನಗು ಬಂತು. ಅಲ್ಲಿ ನಮ್ಮ ಹಿತ್ತಿಲ ಸುತ್ತಲೂ ಇದ್ದದ್ದು ಸುಣ್ಣಕಲ್ಲಿನದೇ ಗೋಡೆ. ಅದಕ್ಕೆ ಒರಗಿ ನಿಂತೇ ನಾನು ಬಕೆಟ್ಟುಗಟ್ಟಲೆ ಸುರಿಯುವುದನ್ನು ಕಲಿತದ್ದು.

ಊಟಕ್ಕೆ ಕೂತಾಗ ಕೇಳುವ ಧೈರ್ಯ ನನಗಿರಲಿಲ್ಲ. ಮಾನಸಿಯೇ ಕೇಳಿದಳು, ಮನೆ ಮಾರುತ್ತೀರಾ ಎಂದು. ವೆರೆನಾ ಆಂಟಿ ಮೆಟ್ಟಿಲ ಕಡೆ ನೋಡಿದರು. "ಆ ಗಿಡ ಪೂರ್ತಿ ಸತ್ತಿದ್ದರೆ ಮಾರುತ್ತಿದ್ದೆ. ಈಗ ಅದು ಮನೆಯ ಕಲ್ಲಿಗೇ ಬೇರು ಬಿಟ್ಟಿದೆ, ಕಿತ್ತು ತೆಗೆದುಕೊಂಡು ಹೋಗುವ ಹಾಗಿಲ್ಲ. ನೀವು ಇರಿ" ಎಂದರು. ನನ್ನ ಕಡೆ ತಿರುಗಿ ಬೆರಳೆತ್ತಿದರು. "ನೀರು ಮಾತ್ರ ಹಾಕಬೇಡ."

ಮಾನಸಿ ತಟ್ಟೆ ಬಿಟ್ಟೆದ್ದು ಅವರನ್ನು ತಬ್ಬಿಕೊಂಡಳು.  ಆ ಸಂತೋಷದಲ್ಲಿ ಹಯಗ್ರೀವದ ಸೌಟು ಎತ್ತಿಕೊಂಡು ಆಂಟಿಯ ತಟ್ಟೆಯ ಕಡೆ ಬಗ್ಗಿದೆ. ಅವರು ಕೈ ಅಡ್ಡ ಹಿಡಿದು ಸಾಕು ಎಂದರು.

ನಾನು ನಿಂತೆ. ಸೌಟು ಗಾಳಿಯಲ್ಲೇ ಇತ್ತು. ನಮ್ಮ ಮನೆಯವರು ನನ್ನನ್ನೇ ನೋಡುತ್ತಿದ್ದರು. ಸೌಟನ್ನು ಪಾತ್ರೆಗೆ ವಾಪಸು ಇಟ್ಟೆ. ನಮ್ಮ ತಾಯಿ ನೋಡಿದ್ದರೆ ಏನೆನ್ನುತ್ತಿದ್ದಳೋ. ಸ್ವಲ್ಪ ಹೊತ್ತಾದ ಮೇಲೆ ಆಂಟಿ ತಾವೇ ಪಾತ್ರೆಗೆ ಕೈ ಚಾಚಿ ಇನ್ನೊಂದು ಚಮಚ ಹಾಕಿಕೊಂಡರು.

ಈಗ ಅಭಿಷೇಕದ ನೀರು ಹಿತ್ತಿಲಲ್ಲಿ ಹೊಸದಾಗಿ ನೆಟ್ಟ ನಿಂಬೆಯ ಗಿಡಕ್ಕೆ ಹೋಗುತ್ತದೆ. ಅದು ಎಷ್ಟು ಹಾಕಿದರೂ ಬೇಡ ಅನ್ನುವ ಜಾತಿಯದಲ್ಲ. ಬೆಳಿಗ್ಗೆ ಎಂದಿನಂತೆ ಬಾಗಿಲು ತೆಗೆದು, ಹಳೆಯ ರಂಗೋಲಿಯನ್ನು ಮೆಟ್ಟಿಲ ಕಡೆಗೆ ತಳ್ಳಿ, ಹೊಸದು ಎಳೆಯುತ್ತೇನೆ. ಬಗ್ಗಿ ನೋಡಬೇಕು, ಬುಡ ತಡವಬೇಕು ಎಂದು ಕೈ ತುರಿಸುತ್ತದೆ. ಆದರೂ ಆ ಹೂವಿನ ಕಡೆ ನನಗೆ ಗಮನವೇ ಇಲ್ಲ ಎನ್ನುವ ಹಾಗೆ ನಟಿಸುತ್ತೇನೆ. ಅದಕ್ಕೆ ಗೊತ್ತಾಗಬಾರದು.

ಹಾಗೆ ಮುಖ ತಿರುಗಿಸಿಕೊಂಡು ಒಂದು ಚಿಟಿಕೆ ಪುಡಿ ತಳ್ಳುವಾಗಲೆಲ್ಲ ನನಗೆ ನಮ್ಮ ದೇವರ ಮನೆಯ ಆ ಮೌನ ನೆನಪಾಗುತ್ತದೆ. ಕೇಳಿದ್ದನ್ನೆಲ್ಲ ಅವನು ಸುರಿಯುವುದಿಲ್ಲ, ಕರೆದರೆ ತಿರುಗಿಯೂ ನೋಡುವುದಿಲ್ಲ ಎಂದು ಎಷ್ಟು ಸಲ ಜಗಳವಾಡಿದ್ದೇನೆ! ಅವನೂ ಪೊರಕೆ ಹಿಡಿದು, ಆ ಕಡೆ ಮುಖ ಮಾಡಿಕೊಂಡೇ ನಮ್ಮ ಬಿರುಕಿನ ಕಡೆಗೆ ಏನನ್ನೋ ತಳ್ಳುತ್ತಿರಬಹುದು.